ಸಾಕು ಎನ್ನಬಲ್ಲ ಒಬ್ಬ

ಶತ್ರುವಿನ ಮನಸ್ಸನ್ನು ನಮ್ಮದೇ ಕೋಣೆಯೊಳಗೆ ತಂದು ಕೂರಿಸಿಕೊಂಡು, ದಿನಾ ಬೆಳಿಗ್ಗೆ ‘ನಾಳೆ ಏನು ಮಾಡುತ್ತೀರಿ’ ಎಂದು ಕೇಳಿ ತಿಳಿದುಕೊಳ್ಳುವ ಹಾಗಿದ್ದರೆ ಯಾವ ಯುದ್ಧವೂ ಬಹಳ ಕಾಲ ನಡೆಯಬಾರದು. ಚಿತ್ರದುರ್ಗದ ಬಂಡೆಗಳ ಅಡಿಯಲ್ಲಿ ‘ಮರುಮನ’ವನ್ನು ಕಟ್ಟಿದವರು ನಂಬಿದ್ದು ಅದನ್ನೇ. ಕಟ್ಟಿದ ಮೇಲೆ ನಾಲ್ಕು ಮುಂಗಾರು ಬಂದುಹೋದವು. ಯುದ್ಧ ನಡೆದೇ ಇತ್ತು. ಶತ್ರು ನಾಳೆ ಏನು ಮಾಡುತ್ತಾನೆಂದು ತಿಳಿದರೆ ನಾಳೆಯ ಹೊಡೆತ ತಪ್ಪಿಸಿಕೊಳ್ಳಬಹುದು, ಅಷ್ಟೇ. ನಾಡಿದ್ದು ಅವನು ಮತ್ತೆ ಬರುತ್ತಾನೆ.

ತುಂಗಭದ್ರೆಯ ಎರಡು ದಂಡೆಗಳು ಎರಡು ದೇಶಗಳಾಗಿ ಆಗಲೇ ಒಂದು ತಲೆಮಾರು ಕಳೆದಿತ್ತು. ಆಣೆಕಟ್ಟಿನ ಗೇಟುಗಳು ಯಾರ ಕೈಯಲ್ಲಿರಬೇಕೆಂದು ಹುಟ್ಟಿದ ಜಗಳ ಅದು. ಆ ಗೇಟುಗಳು ಮೊದಲನೆಯ ವರ್ಷವೇ ಬಾಂಬಿಗೆ ಸಿಕ್ಕಿ ಹೊಳೆಪಾಲಾದವು. ಜಗಳಕ್ಕೆ ಮಾತ್ರ ಏನೂ ಆಗಲಿಲ್ಲ. ಆಚೆ ದಂಡೆಯವರೂ ಕನ್ನಡವನ್ನೇ ಆಡುತ್ತಿದ್ದರು, ಈಚೆಯವರ ಬೈಗುಳಗಳನ್ನೇ ಸ್ವಲ್ಪ ರಾಗ ಎಳೆದು ಬೈಯುತ್ತಿದ್ದರು. ಆಚೆಯವರ ನಾಯಕ ದ್ಯಾಮನಗೌಡ. ಅರವತ್ತು ದಾಟಿದ, ದೊಡ್ಡ ಗಂಟಲಿನ, ದೊಡ್ಡ ಮೀಸೆಯ ಮನುಷ್ಯ. ಈಚೆಯ ತಾಯಂದಿರು ಮಕ್ಕಳಿಗೆ ಊಟ ಮಾಡಿಸಬೇಕಾದರೆ ಗುಮ್ಮನ ಹೆಸರು ಬಿಟ್ಟು ಅವನ ಹೆಸರು ಹೇಳುತ್ತಿದ್ದರು.

ಮರುಮನ ಎಂದರೆ ಆ ಗೌಡನ ಮನಸ್ಸಿನ ಪಡಿಯಚ್ಚು. ಅವನು ಮೀಸೆ ಚಿಗುರಿದ ಕಾಲದಿಂದ ಮಾಡಿದ ಭಾಷಣಗಳು, ಈಚೆಯವರು ಕದ್ದು ಕೇಳಿದ ಅವನ ಫೋನುಗಳು, ಅಡುಗೆಯವನನ್ನು ಗದರಿದ್ದು, ತಂಗಿ ಗಂಗವ್ವನ ಹತ್ತಿರ ಹಬ್ಬಕ್ಕೆ ಬಾ ಎಂದು ಗೋಗರೆದದ್ದು, ಪ್ರತಿಯೊಂದು ಮಾತಿನ ನಡುವೆ ಅವನು ಉಸಿರು ಬಿಟ್ಟ ರೀತಿ, ಪ್ರತಿಯೊಂದು ಮಾತಿನ ನಂತರ ಅವನು ನಿಜವಾಗಿ ಮಾಡಿದ ಕೆಲಸ, ಎಲ್ಲವನ್ನೂ ಡಾಕ್ಟರ್ ಇಮ್ತಿಯಾಜ್ ಎಂಬ ವಿಜ್ಞಾನಿ ಯಂತ್ರಕ್ಕೆ ಉಣಿಸಿದ್ದರು. ಉಂಡದ್ದನ್ನು ಅರಗಿಸಿಕೊಂಡ ಯಂತ್ರ ಒಂದು ದಿನ ಗಂಟಲು ಸರಿ ಮಾಡಿಕೊಂಡು, “ಚಾ ಎಲ್ಲೈತೋ?” ಎಂದು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದಿದ್ದರಂತೆ.

ಅದನ್ನು ಮಾತಾಡಿಸುವ ಕೆಲಸ ಕಾತ್ಯಾಯಿನಿಯದು. ಅವಳ ತಾಯಿಯ ತವರು ಆಚೆ ದಂಡೆಯ ಕೊಪ್ಪಳದ ಕಡೆ. ಗಡಿ ಬೀಳುವ ಮೊದಲೇ ಅವಳ ತಾಯಿ ಈಚೆಗೆ ಬಂದಿದ್ದಳು. ಯಂತ್ರದೊಳಗಿನ ಗೌಡನಿಗೆ ಈಚೆಯ ಮಾತು ಕೇಳಿಸಿದರೆ ಅವನ ಉತ್ತರ ಬಿಗಿಯಾಗುತ್ತಿತ್ತು. ತವರಿನ ಮಾತು ಕೇಳಿಸಿದರೆ ಮನಸ್ಸು ಬಿಚ್ಚುತ್ತಿತ್ತು. ಆ ಮಾತು ಕಾತ್ಯಾಯಿನಿಯ ನಾಲಗೆಯಲ್ಲಿ ಇನ್ನೂ ಉಳಿದಿತ್ತು. ತಾಯಿ ಕೊಟ್ಟ ಮಾತನ್ನು ಇಂಥ ಕೆಲಸಕ್ಕೆ ಬಳಸುತ್ತಿದ್ದೇನಲ್ಲ ಎಂದು ಮೊದಮೊದಲು ಅವಳಿಗೆ ಸಂಕಟವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಆ ಕೋಣೆಗೆ ಅದರದೇ ಒಂದು ಪದ್ಧತಿ ಇತ್ತು. ಯಾವ ಪ್ರಶ್ನೆಯನ್ನಾದರೂ ಮೂವರಾಗಿ ಕೇಳಬೇಕು. ಒಮ್ಮೆ ತಂಗಿ ಗಂಗವ್ವನಾಗಿ, ಒಮ್ಮೆ ಗೌಡನ ಸೇನಾಪತಿಯಾಗಿ, ಒಮ್ಮೆ ಎದುರಾಳಿಯಾಗಿ. ಮನುಷ್ಯ ತಂಗಿಯ ಹತ್ತಿರ ಒಂದು ಹೇಳುತ್ತಾನೆ, ಹಗೆಯ ಹತ್ತಿರ ಇನ್ನೊಂದು ಹೇಳುತ್ತಾನೆ. ಮೂರೂ ಕಡೆ ಒಂದೇ ಉತ್ತರ ಬಂದರೆ ಅದು ಒಳಗಿನಿಂದ ಬಂದದ್ದು ಎಂಬುದು ಇಮ್ತಿಯಾಜರ ತತ್ವ. ಹಾಗೆ ‘ಮೂರೂ ಕೂಡಿದ’ ಉತ್ತರ ಯಾವತ್ತೂ ಸುಳ್ಳಾಗಿರಲಿಲ್ಲ. ಗೌಡ ಹರಿಹರದ ಕಡೆ ಬರುತ್ತೇನೆಂದರೆ ಹರಿಹರಕ್ಕೇ ಬರುತ್ತಿದ್ದ. ಉತ್ತರ ಕೂಡಿದ ಮೇಲೆ ಮಾತಾಡಿಸಿದವರು ಒಪ್ಪಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಕಡತ ಮೇಲಕ್ಕೆ ಹೋಗುವಂತಿರಲಿಲ್ಲ.

ಸಂಜೆ ಮನೆಗೆ ಬಂದರೆ ಕಾತ್ಯಾಯಿನಿಗೆ ಬೇರೊಂದು ಲೋಕ. ಗಂಡ ಓಂಕಾರಪ್ಪ ಹಲ್ಲಿನ ಡಾಕ್ಟರು. ಯುದ್ಧ ಶುರುವಾದ ಮೇಲೆ ಅವನ ಕುರ್ಚಿಯನ್ನು ಸೈನ್ಯದ ಭರ್ತಿ ಕಚೇರಿಗೆ ಸಾಗಿಸಿದ್ದರು. ಬರುವ ಹುಡುಗ ಹುಡುಗಿಯರ ಬಾಯಿ ತೆರೆಸಿ, ಹಲ್ಲು ಗಟ್ಟಿ ಇವೆಯೇ ಎಂದು ನೋಡಿ, ಕೀಟಲೆ ಮಾಡಿ ನಗಿಸಿ ಕಳಿಸುವುದು ಅವನ ಕೆಲಸ. ಮಗಳು ಮಂಜರಿ ಕಾಲೇಜಿನ ಖೋ-ಖೋ ತಂಡದವಳು. ನಿಂತುಕೊಂಡೇ ಊಟ ಮಾಡುವವಳು, ಮಂಡಿಯ ಗಾಯ ಒಣಗಲು ಬಿಡದವಳು, ಒಂದು ಮಾತಿಗೆ ಹತ್ತು ಎದುರು ಮಾತು ಆಡುವವಳು. ಬರುವ ಕಾರ್ತಿಕಕ್ಕೆ ಅವಳಿಗೆ ಹದಿನೆಂಟು ತುಂಬುತ್ತಿತ್ತು. ಹದಿನೆಂಟು ತುಂಬಿದವರೆಲ್ಲ ಹೊಳೆದಂಡೆಯ ಕಾಳಗಕ್ಕೆ ಹೋಗಬೇಕೆಂಬುದು ಕಾನೂನು.

ಆ ಮನೆಯಲ್ಲಿ ಕಾರ್ತಿಕ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಕಾತ್ಯಾಯಿನಿ ಒಳಗೊಳಗೇ ಒಂದೇ ಹರಕೆ ಹೊತ್ತಿದ್ದಳು: ಅಷ್ಟರೊಳಗೆ ಇದು ಮುಗಿಯಬೇಕು. ಹೇಗೆ ಮುಗಿದರೂ ಸರಿ.

ಶ್ರಾವಣದ ಒಂದು ಬೆಳಿಗ್ಗೆ ಬ್ರಿಗೇಡಿಯರ್ ರುದ್ರಮುನಿ ಬಂಡೆಯಡಿಗೆ ಬಂದರು. ಮರುಮನದ ಮೇಲ್ವಿಚಾರಣೆ ಅವರದೇ. ಕೆಟ್ಟ ಮನುಷ್ಯರೇನಲ್ಲ. ಸತ್ತ ಸೈನಿಕರ ಮನೆಗೆ ತಾವೇ ಹೋಗಿ ಸುದ್ದಿ ಮುಟ್ಟಿಸುತ್ತಿದ್ದವರು. ಆ ಕೆಲಸವೇ ಅವರನ್ನು ಸುಸ್ತು ಮಾಡಿತ್ತು. ಕುರ್ಚಿ ಎಳೆದುಕೊಂಡು ಕೂತವರೇ ಕೇಳಿದರು.

“ಒಂದೇ ಪ್ರಶ್ನೆ. ಗೌಡನ್ನ ತೆಗೆದುಬಿಟ್ರೆ ಯುದ್ಧ ಬೇಗ ಮುಗಿಯುತ್ತಾ? ಯಂತ್ರವನ್ನ ಕೇಳಿ ಹೇಳಿ.”

ಇಮ್ತಿಯಾಜರು ಕನ್ನಡಕ ತೆಗೆದು ಒರೆಸತೊಡಗಿದರು. ಅವರಿಗೆ ಇಷ್ಟವಿಲ್ಲದ ಮಾತು ಬಂದಾಗ ಹಾಗೆ ಮಾಡುತ್ತಿದ್ದರು.

“ಸರ್, ಇದಕ್ಕೆ ಮುಂದಾಗೋದು ಗೊತ್ತಿರೋದಿಲ್ಲ. ಗೌಡನ ತಲೆಯಲ್ಲಿ ಏನಿದೆಯೋ ಅದಷ್ಟೇ ಗೊತ್ತು. ಅವನಿಲ್ಲದ ಊರನ್ನ ಅವನೇ ಕಂಡಿಲ್ಲ, ಯಂತ್ರ ಹೇಗೆ ಕಾಣುತ್ತೆ?”

“ಅವನ ಸೈನ್ಯವನ್ನ ಅವನಿಗಿಂತ ಬಲ್ಲೋರು ಯಾರಿದ್ದಾರೆ ಹೇಳಿ ಡಾಕ್ಟ್ರೇ? ಕೈಯಾರೆ ಕಟ್ಟಿದೋನು ಅವನು. ಅವನನ್ನ ಬಿಟ್ಟು ಇನ್ಯಾರನ್ನ ಕೇಳಲಿ?”

ಇಮ್ತಿಯಾಜರು ಕನ್ನಡಕ ಮತ್ತೆ ಹಾಕಿಕೊಂಡರು. ಅವರು ಕಾತ್ಯಾಯಿನಿಯ ಕಡೆ ನೋಡಿದರು. ನಾಲ್ಕು ವರ್ಷ ಗೌಡನ ಜೊತೆ ಮಾತಾಡಿದವಳು, ಅವನ ಬಡಾಯಿ ಎಷ್ಟು, ಬುದ್ಧಿ ಎಷ್ಟು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇಮ್ತಿಯಾಜರ ಮಾತಿಗೆ ಅವಳು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಅವಳಿಗೆ ಕಂಡದ್ದು ಮಂಜರಿಯ ಮಂಡಿಯ ಮೇಲಿನ ಗಾಯ.

“ಕೇಳಿ ನೋಡೋಣ,” ಎಂದಳು.

ತಂಗಿಯಾಗಿ ಕೇಳುವಾಗ ಅವಳ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು.

“ಅಣ್ಣಾ, ಊರಾಗ ಮಂದಿ ಏನೇನೋ ಅಂತಾರ. ನಿನಗ ಏನರ ಆದ್ರ ನಮ್ಮ ಗತಿ ಏನೋ? ಈ ಲಡಾಯಿ ಏನಾಕ್ಕೈತಿ?”

ಮರುಮನ ನಕ್ಕಿತು. ಗೌಡನ ನಗು ಎಂದರೆ ಎದೆಯಿಂದ ಬರುವ ನಗು.

“ಹುಚ್ಚಿ, ಅಳಬ್ಯಾಡ. ನಾ ಸತ್ತ ದಿನಾ ಈ ಲಡಾಯಿನೂ ಸತ್ತಂಗ. ನಾ ಇಲ್ಲಂದ್ರ ಯಾವನು ಬಂದೂಕ ಹಿಡಿತಾನ? ಎಲ್ಲಾರೂ ತಂತಮ್ಮ ಹೊಲಾ ನೋಡ್ಕೊಂತ ಮನಿಗೆ ಹೊಕ್ಕಾರ. ಅದಕ್ಕ ಅಂತೀನಿ, ನಾ ಸಾಯಂಗಿಲ್ಲ.”

ಸೇನಾಪತಿಯಾಗಿ ಕೇಳಿದಳು. “ನನ್ನ ಬಿಟ್ರ ನಿಮಗ ದಾರಿ ತೋರ್ಸಾವ್ರು ಯಾರದಾರೋ? ಎಂಟು ದಿನಾ ನಿಲ್ಲಂಗಿಲ್ಲ ನೀವು.” ಎದುರಾಳಿಯಾಗಿ ಕೇಳಿದಳು. “ನನ್ನ ಕೊಂದ್ರ ಗೆದ್ದಂಗ ಅಂತ ನಿಮಗ ಗೊತ್ತೈತಿ, ಅದಕ್ಕ ನನ್ನ ಬೆನ್ನು ಹತ್ತೀರಿ. ಹತ್ರೀ, ನೋಡೂನು!”

ಮೂರೂ ಕೂಡಿತು. ಇಷ್ಟು ಚೆಂದಾಗಿ ಯಾವ ಪ್ರಶ್ನೆಗೂ ಕೂಡಿರಲಿಲ್ಲ.

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಮುದುಕಿಯ ಕಥೆ ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆ ಮುದುಕಿಯನ್ನು ಯಾರಾಗಿ ಕೇಳಿದರೂ, ತಂಗಿಯಾಗಿ, ನೆರೆಯವಳಾಗಿ, ಹಗೆಯಾಗಿ, ಅವಳು ಒಂದೇ ಉತ್ತರ ಕೊಡುತ್ತಿದ್ದಳು. ಅದು ಅವಳ ಒಳಗಿನ ನಂಬಿಕೆ, ಅದರಲ್ಲಿ ಸುಳ್ಳಿಲ್ಲ. ಆ ಕೋಣೆಯಲ್ಲಿ ಅಷ್ಟು ಓದಿದವರಿದ್ದರು, ಒಬ್ಬರಿಗೂ ಆ ಮುದುಕಿ ನೆನಪಾಗಲಿಲ್ಲ. ಮನುಷ್ಯ ಸುಳ್ಳು ಹೇಳುತ್ತಿದ್ದಾನೆಯೇ ಎಂದು ಪತ್ತೆ ಹಚ್ಚಲು ಅವರ ಬಳಿ ಪದ್ಧತಿ ಇತ್ತು. ನಿಜ ಹೇಳುತ್ತಲೇ ತಪ್ಪು ತಿಳಿದವನನ್ನು ಹಿಡಿಯಲು ಏನೂ ಇರಲಿಲ್ಲ.

ಕಾತ್ಯಾಯಿನಿ ಸಹಿ ಹಾಕಿದಳು.

ಗೌಡ ಎಲ್ಲಿ ಸಿಗುತ್ತಾನೆಂದು ಹೇಳಿದ್ದೂ ಮರುಮನವೇ. ಸೋಮವಾರ ಬೆಳಿಗ್ಗೆ ಎಷ್ಟು ಅವಸರವಿದ್ದರೂ ಪಡಸಾಲೆಯ ಹೊರಗೆ ಬಿಸಿಲಿಗೆ ಕೂತು ಕ್ಷೌರ ಮಾಡಿಸಿಕೊಳ್ಳುವುದನ್ನು ಅವನು ಬಿಡುವವನಲ್ಲ. “ಬಿಸಲಾಗ ಕುಂತ್ರ ಜಗತ್ತು ಚಂದ ಕಾಣ್ತೈತಿ,” ಎಂದು ತಂಗಿಗೆ ಹೇಳಿದಂತೆ ಹೇಳಿತ್ತು. ಗುಬ್ಬಿಯಷ್ಟೇ ಗಾತ್ರದ ಒಂದು ಹಾರುವ ಯಂತ್ರ ಹೊಳೆ ದಾಟಿ ಹೋಯಿತು. ಗೌಡನ ಜೊತೆಗೆ ಕ್ಷೌರ ಮಾಡುತ್ತಿದ್ದವನೂ ಸತ್ತ. ಅವನ ಹೆಸರು ಈಚೆಯ ಯಾವ ಸುದ್ದಿಯಲ್ಲೂ ಬರಲಿಲ್ಲ.

ದುರ್ಗದ ಬೀದಿಗಳಲ್ಲಿ ಅಂದು ದೀಪಾವಳಿಯೇ ಮೊದಲು ಬಂದಂತಿತ್ತು. ಅಂಗಡಿಯವರು ಬಂದವರಿಗೆಲ್ಲ ಮೈಸೂರು ಪಾಕು ಹಂಚಿದರು. ಮಂಜರಿ ಗೆಳತಿಯರ ಜೊತೆ ಕುಣಿದು, ದನಿ ಕೆಡಿಸಿಕೊಂಡು ಮನೆಗೆ ಬಂದಳು. ಕಾತ್ಯಾಯಿನಿ ಅವಳನ್ನು ಹಿಡಿದು ಮುದ್ದಿಸಿದಳು. ಇಷ್ಟು ದೊಡ್ಡ ಹುಡುಗಿಯನ್ನು ಏನಮ್ಮ ಇದು ಎಂದು ಮಗಳು ಬಿಡಿಸಿಕೊಂಡಳು.

ಓಂಕಾರಪ್ಪ ಮಾತ್ರ ಕೈಯಲ್ಲಿದ್ದ ಸಿಹಿಯನ್ನು ತಿನ್ನದೆ ಹಾಗೇ ಹಿಡಿದುಕೊಂಡಿದ್ದ.

“ಯಾಕ್ರೀ?”

“ಏನಿಲ್ಲ. ಜೇನಿಗೆ ಕಲ್ಲು ಹೊಡೆದ ಮೇಲೆ ಒಂದ್ ಗಳಿಗೆ ಸುಮ್ಮನಿರುತ್ತೆ ನೋಡು, ಆಮೇಲೆ ಏಳೋದು. ಅದಕ್ಕೇ ಕಾಯ್ತಿದೀನಿ.”

“ಒಳ್ಳೇ ಮಾತಾಡ್ರೀ ಒಂದು ದಿನನಾದ್ರೂ,” ಎಂದು ಅವಳು ಸಿಡುಕಿದಳು.

ಸ್ವಲ್ಪ ಕಾಲ ದಂಡೆ ನಿಜವಾಗಿಯೂ ತಣ್ಣಗಿತ್ತು. ಗಣೇಶನ ಹಬ್ಬ ಬಂದುಹೋಯಿತು, ಫಿರಂಗಿ ಸದ್ದಿಲ್ಲ. ಈಚೆಯ ಸರ್ಕಾರ ಬಿಳಿ ಬಾವುಟ ಕಟ್ಟಿದ ದೋಣಿಯಲ್ಲಿ ಸಂಧಿಯ ಮಾತು ಕಳಿಸಿತು. ದೋಣಿ ಹೋದ ಹಾಗೆಯೇ ವಾಪಸು ಬಂತು. ಆಚೆ ದಡದಲ್ಲಿ ಅದನ್ನು ಕೈಗೆ ತೆಗೆದುಕೊಳ್ಳುವವರೇ ಇರಲಿಲ್ಲ. ಗೌಡನ ಜಾಗಕ್ಕೆ ಐದಾರು ಮಂದಿ ತರುಣ ದಳಪತಿಗಳು ನಿಂತಿದ್ದರು. ಒಬ್ಬ ಮಾತಿಗೆ ಒಪ್ಪಿದರೆ ಉಳಿದವರು ಅವನನ್ನು ಗೌಡನ ರಕ್ತ ಮಾರಿದವನು ಎನ್ನುತ್ತಿದ್ದರು. ಎರಡನೆಯ ಸಲ ದೋಣಿ ಹೋದಾಗ ಒಬ್ಬ ಮುದಿ ಮಂತ್ರಿ ಧೈರ್ಯ ಮಾಡಿ ದಡಕ್ಕೆ ಇಳಿದು ಬಂದು ಮಾತು ಕೇಳಿಸಿಕೊಂಡ. ಮಾರನೆಯ ದಿನ ಅವನನ್ನು ಅವನ ಕಡೆಯವರೇ ಗುಂಡಿಟ್ಟು ಕೊಂದರು.

ಆಮೇಲೆ ಜೇನು ಎದ್ದಿತು. ಗೌಡನಿದ್ದಾಗ ಬಿತ್ತನೆಯ ಕಾಲದಲ್ಲಿ ಗುಂಡು ಹಾರುತ್ತಿರಲಿಲ್ಲ, ಆಸ್ಪತ್ರೆಗಳ ಮೇಲೆ ಬಾಂಬು ಬೀಳುತ್ತಿರಲಿಲ್ಲ. ಅದು ಅವನ ಲೆಕ್ಕಾಚಾರವೋ, ರೈತನ ಬುದ್ಧಿಯೋ ಯಾರೂ ಯೋಚಿಸಿರಲಿಲ್ಲ. ಈಗ ಹೊಲದಲ್ಲಿ ಕೂರಿಗೆ ಹಿಡಿದವರೂ ಸತ್ತರು, ಆಸ್ಪತ್ರೆಯ ಹಾಸಿಗೆಯ ಮೇಲಿದ್ದವರೂ ಸತ್ತರು. ಈಚೆಯವರೂ ಸುಮ್ಮನಿರಲಿಲ್ಲ, ಅದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದರು.

ಕಾರ್ತಿಕಕ್ಕೂ ಕಾಯಲಿಲ್ಲ ಸರ್ಕಾರ. ಭರ್ತಿಯ ವಯಸ್ಸನ್ನು ಹದಿನೇಳಕ್ಕೆ ಇಳಿಸಿತು. ಓಂಕಾರಪ್ಪ ಅಂದು ಮಧ್ಯಾಹ್ನವೇ ಮನೆಗೆ ಬಂದು ಚಾಪೆಯ ಮೇಲೆ ಕೂತುಬಿಟ್ಟ.

“ಇವತ್ತು ಬಂದೋರಲ್ಲಿ ಎಷ್ಟೋ ಮಕ್ಕಳಿಗೆ ಬುದ್ಧಿಹಲ್ಲಿನ ಸುಳಿವೇ ಇಲ್ಲ ಕಣೇ. ಮೇಲಿಂದ ಹೇಳವ್ರೆ, ಬಾಯಿ ನೋಡಿದ್ರೆ ಸಾಕು, ವಯಸ್ಸು ಬರೀಬೇಡ ಅಂತ. ನಗಿಸೋಕೆ ಹೋದ್ರೆ ಒಬ್ಬ ಹುಡುಗ ಅತ್ತುಬಿಟ್ಟ. ನಾನೇನ್ ಹೇಳ್ಲಿ ಅವನಿಗೆ?”

ಮಂಜರಿ ಹೊರಡುವ ದಿನ ಬೆಳಿಗ್ಗೆ ತಟ್ಟೆ ಮುಂದೆ ಕೂತು ಊಟ ಮಾಡಿದಳು. ಅಮ್ಮ ಹೇಳದೆಯೇ ಕೂತಳು. ಕಾತ್ಯಾಯಿನಿಗೆ ಅದನ್ನು ನೋಡಲಾಗಲಿಲ್ಲ. ಒಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದಳು.

“ಅಮ್ಮಾ, ಅಳೋದಾದ್ರೆ ಇಲ್ಲೇ ಬಂದು ಅಳು. ಆ ಪಾತ್ರೆಗಳೇನ್ ಪಾಪ ಮಾಡಿದಾವೆ?” ಎಂದು ಮಗಳು ಕೂಗಿದಳು. ಮೂವರೂ ನಕ್ಕರು. ಬಸ್ಸು ಬಂದಾಗ ಯಾರೂ ನಗಲಿಲ್ಲ.

ಗೌಡ ಸತ್ತ ಮೇಲೆ ಅವನ ಮರುಮನವನ್ನು ಕೇಳುವವರಿರಲಿಲ್ಲ. ಇಮ್ತಿಯಾಜರು ಅದನ್ನು ಮೂಲೆಯ ಕೋಣೆಗೆ ಸೇರಿಸಿ ಬೀಗ ಹಾಕಿದ್ದರು. ಮಗಳನ್ನು ಬಸ್ಸು ಹತ್ತಿಸಿದ ಮರುದಿನ ಕಾತ್ಯಾಯಿನಿ ಅವರ ಹತ್ತಿರ ಕೀಲಿ ಕೇಳಿದಳು.

“ಬೇಡ ಕಾತ್ಯಾಯಿನಮ್ಮ. ಅವನಿಗೆ ತಾನು ಸತ್ತಿರೋದೂ ಗೊತ್ತಿಲ್ಲ. ಯಾಕೆ ಸುಮ್ನೆ?”

“ಒಂದು ಮಾತು ಕೇಳೋದು ಬಾಕಿ ಇದೆ ಸರ್.”

ಅವರು ಕನ್ನಡಕ ಒರೆಸುತ್ತಾ ಕೀಲಿ ಕೊಟ್ಟರು. ಅವಳ ಹಿಂದೆಯೇ ಬಂದು ಬಾಗಿಲ ಬಳಿ ನಿಂತರು. ಅವಳು ಯಂತ್ರ ಎಬ್ಬಿಸಿ, ಗಂಗವ್ವನ ದನಿಯಲ್ಲಿ ಅಣ್ಣನನ್ನು ಕರೆದಳು.

“ಯಾರು, ಗಂಗವ್ವನ? ಬಾಳ ದಿನಾ ಆತಲ್ಲವಾ, ಎಲ್ಲಿ ಹೋಗಿದ್ದಿ?” ಎಂದಿತು ಆ ದನಿ, ಮೊದಲಿನಷ್ಟೇ ಹುರುಪಿನಿಂದ.

ನಾಲ್ಕು ವರ್ಷದಲ್ಲಿ ಈ ಮನುಷ್ಯನ ಮಾತು ಕೇಳಿದಷ್ಟು ತನ್ನ ಗಂಡನ ಮಾತನ್ನೂ ಅವಳು ಕೇಳಿರಲಿಲ್ಲ.

“ಅಣ್ಣಾ, ಈ ಲಡಾಯಿ ನೀ ಯಾವಾಗ ನಿಲ್ಲಸ್ತೀ?”

ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾಳೆ ಎಲ್ಲಿ ಹೊಡೆಯುತ್ತಾನೆ, ಯಾರನ್ನು ನಂಬುತ್ತಾನೆ, ಎಲ್ಲಿ ಮಲಗುತ್ತಾನೆ ಎಂದೆಲ್ಲ ಕೇಳಿದ್ದರು. ನಿಲ್ಲಿಸುತ್ತೀಯಾ ಎಂದು ಕೇಳಬೇಕೆಂದು ಮೇಲಿನಿಂದ ಆಜ್ಞೆ ಬಂದಿರಲಿಲ್ಲ, ಕೆಳಗಿನವರಿಗೂ ಹೊಳೆದಿರಲಿಲ್ಲ.

ಮರುಮನ ಉದ್ದಕ್ಕೊಂದು ಉಸಿರು ಬಿಟ್ಟಿತು. ಗೌಡ ನಿಜ ಹೇಳುವ ಮೊದಲು ಹಾಗೆ ಉಸಿರು ಬಿಡುತ್ತಿದ್ದ.

“ಯಾರಿಗೂ ಹೇಳಬ್ಯಾಡ ಮತ್ತ. ಹಿಂಗಾರಿ ಜೋಳಾ ಮನಿಗೆ ಬರ್ಲಿ. ಆಮ್ಯಾಗ ಮಾತಿಗೆ ಕರೀತೀನಿ. ನನಗೂ ಸಾಕಾಗೈತವಾ. ಈ ಹುಡುಗರು ಕೇಳಂಗಿಲ್ಲ, ಕುದೀತಾವ. ಬ್ಯಾರೆ ಯಾವನರ ಸಾಕು ಅಂದ್ರ ಅವನ್ನ ಹೇಡಿ ಅಂತ ಕಡೀತಾರ. ನಾ ಅಂದ್ರ ತುಟಿ ಪಿಟಿಕ್ಕನ್ನಂಗಿಲ್ಲ. ಅದಕ್ಕ ನಾ ಇರೂದ್ರಾಗ ಇದನ್ನ ಮುಗಸ್ಬೇಕು.”

ಸೇನಾಪತಿಯಾಗಿ ಕೇಳಿದಳು. ಬೈದು ಬೈದು, ಕೊನೆಗೆ ಅದನ್ನೇ ಹೇಳಿತು. ಎದುರಾಳಿಯಾಗಿ ಕೇಳಿದಳು. “ಸುಗ್ಗಿ ಮುಗದ ಮ್ಯಾಲೆ ಬರ್ರಿ, ನೋಡೂನು,” ಎಂದಿತು.

ಮೂರೂ ಕೂಡಿತು. ಬಾಗಿಲ ಬಳಿ ನಿಂತಿದ್ದ ಇಮ್ತಿಯಾಜರೂ ಎಲ್ಲ ಕೇಳಿಸಿಕೊಂಡಿದ್ದರು. ಆ ವರ್ಷದ ಹಿಂಗಾರಿ ಜೋಳ ಹೊಲದಲ್ಲೇ ಸುಟ್ಟುಹೋಗುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ತಾವು ಏನು ಮಾಡಿದೆವೆಂಬುದು ಮಾತ್ರ ಗೊತ್ತಾಗಿತ್ತು. ಮುಗಿಸಬೇಕೆಂದಿದ್ದ ಒಬ್ಬನನ್ನೇ ಹುಡುಕಿ ಕೊಂದಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಕೋಟೆಯ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಅವಳು ಗಂಡನಿಗೆ ಎಲ್ಲ ಹೇಳಿದಳು. ಅವನು ಬೈಯುತ್ತಾನೆಂದುಕೊಂಡಿದ್ದಳು. ಅವನು ಬೈಯಲಿಲ್ಲ.

“ಮಗಳನ್ನ ಉಳಿಸಿಕೊಳ್ಳೋಕೆ ತಾನೇ ಮಾಡಿದ್ದು. ನನ್ನ ಕೈಯಲ್ಲಿದ್ದಿದ್ರೆ ನಾನೂ ಅದನ್ನೇ ಮಾಡ್ತಿದ್ನೇನೋ,” ಎಂದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಇನ್ನೊಂದು ವರ್ಷ ಉರುಳಿತು. ಆಚೆಯ ದಳಪತಿಗಳಲ್ಲಿ ಒಬ್ಬೊಬ್ಬರೇ ಉದುರಿ, ಕೆಲವರನ್ನು ಈಚೆಯವರು ಕೊಂದು, ಕೆಲವರನ್ನು ತಮ್ಮವರೇ ಕೊಂದು, ಕೊನೆಗೆ ಕಳಕಪ್ಪ ಎಂಬವನು ಮೇಲೆ ಬಂದ. ಮೂವತ್ತು ದಾಟದ ಹುಡುಗ, ಕೈ ಬಹಳ ಕ್ರೂರ. ಮಂಜರಿಯ ತುಕಡಿ ಇದ್ದ ಹಳ್ಳದ ಎದುರಿಗೇ ಅವನ ಫಿರಂಗಿಗಳಿದ್ದವು. ಆದರೆ ಒಂದು ಸಂಗತಿ ಕಾತ್ಯಾಯಿನಿಯ ಗಮನಕ್ಕೆ ಬಂದಿತ್ತು. ಅವನು ಹೇಳಿದರೆ ಉಳಿದವರು ಕೇಳತೊಡಗಿದ್ದರು. ಯುಗಾದಿಯ ದಿನ ಗುಂಡು ಹಾರಿಸಬೇಡಿ ಎಂದಿದ್ದ. ಅಂದು ಆ ಇಡೀ ದಂಡೆಯಲ್ಲಿ ಒಂದು ಗುಂಡೂ ಹಾರಲಿಲ್ಲ.

ಮೇಲಿನವರು ಇಮ್ತಿಯಾಜರ ಕೈಯಲ್ಲಿ ಅವನ ಮರುಮನವನ್ನೂ ಕಟ್ಟಿಸಿದರು. ರುದ್ರಮುನಿ ಮತ್ತೆ ಬಂದು ಅದೇ ಕುರ್ಚಿ ಎಳೆದುಕೊಂಡು ಅದೇ ಪ್ರಶ್ನೆ ಕೇಳಿದರು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾತ್ಯಾಯಿನಿ ಅಕ್ಕನಾಗಿ, ಸಂಗಡಿಗನಾಗಿ, ಎದುರಾಳಿಯಾಗಿ ಕೇಳಿದಳು. ಕಳಕಪ್ಪನೂ ಬಡಾಯಿಯವನೇ. “ನಾ ಸತ್ರ ಎಲ್ಲಾ ಖಲಾಸ್,” ಎಂದ ಮೂರು ಸಲವೂ.

“ಮೂರೂ ಕೂಡಿದೆ. ಸಹಿ ಹಾಕಿ ಮೇಡಂ,” ಎಂದರು ರುದ್ರಮುನಿ.

“ಹಾಕೋದಿಲ್ಲ ಸರ್.”

“ಯಾಕೆ?”

“ಗೌಡನೂ ಇದನ್ನೇ ಹೇಳಿದ್ದ. ಅವನಿಗೆ ಹಾಗನ್ನಿಸಿತ್ತು, ಅಷ್ಟೇ. ನಿಜ ಇರಲಿಲ್ಲ.”

“ಆಗ ಅವನ ಜಾಗಕ್ಕೆ ಬರೋರು ಐದಾರು ಜನ ಇದ್ರು. ಇವನ ಜಾಗಕ್ಕೆ ಯಾರೂ ಇಲ್ಲ.”

“ಅದಕ್ಕೇ ಬೇಡ ಅಂತಿರೋದು. ಇವನೂ ಹೋದ್ರೆ ಯಾರ ಜೊತೆ ಮಾತಾಡ್ತೀರಿ? ಯುಗಾದಿ ದಿನ ಒಂದು ದಿನ ನಿಲ್ಲಿಸಿದೋನು ಇವನು. ಒಂದು ದಿನ ನಿಲ್ಲಿಸೋಕೆ ಆಗೋನಿಗೆ ಪೂರ್ತಿ ನಿಲ್ಲಿಸೋಕೂ ಆಗುತ್ತೆ. ಅವನನ್ನ ಕೊಲ್ಲಬೇಡಿ, ಕರೀರಿ.”

ರುದ್ರಮುನಿ ದನಿ ತಗ್ಗಿಸಿ ಕೇಳಿದರು.

“ನಿಮ್ಮ ಮಗಳು ಆ ಹಳ್ಳದಲ್ಲೇ ಇದಾಳಲ್ವಾ ಮೇಡಂ? ಅವನ ಫಿರಂಗಿ ಮುಂದೆ?”

“ಹೌದು ಸರ್.”

“ಯೋಚನೆ ಮಾಡಿದ್ದೀರಾ?”

“ಬೇರೆ ಏನೂ ಯೋಚನೆ ಮಾಡಿಲ್ಲ.”

ಕಡತ ಅಲ್ಲಿಗೇ ನಿಂತಿತು. ರುದ್ರಮುನಿ ಕೋಪ ಮಾಡಿಕೊಳ್ಳಲಿಲ್ಲ. ಮಾತಿಗೆ ಕರೆಯುವ ವಿಷಯ ಮೇಲಿನವರಿಗೆ ಹೇಳಿ ನೋಡುತ್ತೇನೆ, ಆದರೆ ಬೇಗ ಆಗುವ ಕೆಲಸವಲ್ಲ ಎಂದು ಹೇಳಿ ಹೋದರು. ತಾನು ತಪ್ಪು ಮಾಡಲಿಲ್ಲ ಎಂಬುದು ಕಾತ್ಯಾಯಿನಿಗೆ ಗೊತ್ತಿತ್ತು. ಹಾಗಿದ್ದೂ ಸಹಿಯ ಖಾಲಿ ಜಾಗವನ್ನು ಮತ್ತೆ ಮತ್ತೆ ನೋಡಿದಳು. ಹಿಂದಿನ ಸಲ ಸಹಿ ಹಾಕಿದ ಮೇಲೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ದಂಡೆಯಲ್ಲಿದ್ದವರಿಗೆ ಭಾನುವಾರ ಮನೆಗೆ ಮಾತಾಡಲು ಅವಕಾಶವಿತ್ತು. ಆ ಭಾನುವಾರ ಮಂಜರಿಯ ಫೋನು ಬಂದಾಗ ಓಂಕಾರಪ್ಪ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ. ಮಗಳ ದನಿ ಒರಟಾಗಿತ್ತು, ಕೆಮ್ಮು ಇತ್ತು.

“ಅಮ್ಮಾ, ಒಂದು ಮಾತು ನಿಜಾನಾ ಹೇಳು. ಆ ಕಳಕಪ್ಪನ್ನ ಹೊಡೆಯೋಕೆ ಎಲ್ಲಾ ತಯಾರಾಗಿತ್ತಂತೆ. ನಿಮ್ಮ ಆಫೀಸಲ್ಲಿ ಯಾರೋ ಕೂತ್ಕೊಂಡು ಬೇಡ ಅಂದ್ರಂತೆ. ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.”

“ಮಗಳೇ...”

“ಮೊನ್ನೆ ನಮ್ಮ ಪಕ್ಕದ ಗುಂಡೀಲಿದ್ದ ಚಂಪಾ ಹೋದಳಮ್ಮ. ನಮ್ಮ ಖೋ-ಖೋ ತಂಡದ ಚಂಪಾ. ಅವನದೇ ಗುಂಡು. ಅವನೊಬ್ಬ ಹೋದ್ರೆ ನಾವೆಲ್ಲ ಮನೆಗೆ ಬರಬಹುದಿತ್ತು. ಯಾರಮ್ಮ ಅದು ಬೇಡ ಅಂದೋರು? ನಿಂಗೆ ಗೊತ್ತಿರಲೇಬೇಕು.”

ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು.

“ನಾನೇ ಕಣೇ,” ಎಂದಳು ಕಾತ್ಯಾಯಿನಿ.

ಆ ಕಡೆ ಮಗಳು ಕೆಮ್ಮಿದಳು. ಕಾತ್ಯಾಯಿನಿ ಮಾತು ಮುಂದುವರಿಸಿದಳು.

“ಗೌಡನ್ನ ಕೊಂದಾಗಲೂ ಹೀಗೇ ಅಂದ್ಕೊಂಡಿದ್ವಿ. ಅವನು ನಿಲ್ಲಿಸೋನಿದ್ದ, ಮಂಜೂ. ನಾವೇ ಕೊಂದ್ಬಿಟ್ವಿ. ಅದಕ್ಕೆ ಸಹಿ ಹಾಕಿದ್ದೂ ನಾನೇ. ನೀನು ಹೋಗಬಾರದು ಅಂತಲೇ ಹಾಕಿದ್ದು. ಈಗ ಇವನೂ ಹೋದ್ರೆ, ಸಾಕು ಅನ್ನೋಕೆ ಆ ಕಡೆ ಒಬ್ಬರೂ ಉಳಿಯೋದಿಲ್ಲ. ಅನ್ನಬಲ್ಲೋನು ಒಬ್ಬನಾದ್ರೂ ಇರಬೇಕಲ್ವೇನೇ?”

“ಯಾವಾಗ ಅಂತಾನೆ?”

“ಗೊತ್ತಿಲ್ಲ.”

“ನಿನ್ನ ಯಂತ್ರಕ್ಕೂ ಗೊತ್ತಿಲ್ವಾ?”

“ಕೇಳಿದೀನಿ. ಅವನೇ ಇನ್ನೂ ಯೋಚನೆ ಮಾಡಿಲ್ಲ.”

ದೂರದಲ್ಲಿ ಯಾರೋ ಮಂಜರಿಯನ್ನು ಕರೆದರು. ಅವಳು ಹೋಗಲಿಲ್ಲ. ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿ ಕೇಳುತ್ತಿದ್ದ ದನಿ ಅದು.

“ಅಲ್ಲೀವರೆಗೂ ನಾನಿರ್ತೀನಾ ಅಮ್ಮಾ?”

ಮೂವರಾಗಿ ಅಲ್ಲ, ನೂರು ಜನರಾಗಿ ಕೇಳಿದರೂ ಯಾವ ಯಂತ್ರವೂ ಉತ್ತರ ಕೊಡದ ಪ್ರಶ್ನೆ ಅದು. ಹಿತ್ತಲಿಂದ ಬಂದ ಓಂಕಾರಪ್ಪ ಕಾತ್ಯಾಯಿನಿಯ ಮುಖ ನೋಡಿ, ಒದ್ದೆ ಕೈಯಲ್ಲೇ ಫೋನು ತೆಗೆದುಕೊಂಡ.

“ಊಟ ಆಯ್ತಾ ಮಗಳೇ?” ಎಂದು ಕೇಳಿದ.

“ಆಯ್ತಪ್ಪ,” ಎಂದಿತು ಮಗಳ ದನಿ. “ಇವತ್ತು ಅನ್ನ ಸಾರು ಕೊಟ್ಟಿದ್ರು.”

“ಬಿಸಿ ಇತ್ತಾ?”

“ಇತ್ತು.”

ಅವನು ಇನ್ನೂ ಏನೇನೋ ಕೇಳುತ್ತಲೇ ಇದ್ದ, ಕೆಮ್ಮಿಗೆ ಏನು ತೆಗೆದುಕೊಂಡೆ, ಹೊದೆಯಲು ಸಾಕಷ್ಟಿದೆಯಾ ಎಂದು. ಕಾತ್ಯಾಯಿನಿ ಅವನ ಭುಜಕ್ಕೆ ಕಿವಿ ತಾಗಿಸಿಕೊಂಡು, ಮಗಳು ಕೊಡುತ್ತಿದ್ದ ಒಂದೊಂದು ಉತ್ತರವನ್ನೂ ಕೇಳಿಸಿಕೊಳ್ಳುತ್ತಾ ನಿಂತಳು.